ಮಳೆಯ ಲೆಕ್ಕ, ಮನಸ್ಸಿನ ಲೆಕ್ಕ: ಮನೋವಿಜ್ಞಾನ ಸಂಶೋಧನೆಯಲ್ಲಿ ಪ್ರಾಥಮಿಕ ಮತ್ತು ದ್ವಿತೀಯಕ ದತ್ತಾಂಶ – ಕೊಡಗಿನ ಒಂದು ಅಧ್ಯಯನದ ಮೂಲಕ ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಯ ಹೊರರೋಗಿ ರಿಜಿಸ್ಟರ್ ಮುಂದೆ ಮೂರು ದಿನ ಕುಳಿತು ಕೈಯಾರೆ ಬರೆದುಕೊಂಡು ಬಂದ ಅಂಕಿಗಳನ್ನು ವಿದ್ಯಾರ್ಥಿಗಳು ತಮ್ಮ ಪ್ರಬಂಧದಲ್ಲಿ ‘ಪ್ರಾಥಮಿಕ ದತ್ತಾಂಶ’ ಎಂದು ಬರೆಯುವುದುಂಟು. ಅದು ದ್ವಿತೀಯಕ. ಅತ್ತ, ತರಬೇತಿ ಪಡೆದ ಆಶಾ ಕಾರ್ಯಕರ್ತೆಯೊಬ್ಬರು ನಿಮ್ಮ ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗಿ ತುಂಬಿಸಿಕೊಂಡು ಬಂದರೆ, ನೀವು ಒಬ್ಬರ ಮುಖವನ್ನೂ ನೋಡದಿದ್ದರೂ ಅದು ಪ್ರಾಥಮಿಕ. ಶ್ರಮ ಯಾರದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಆ ಮಾಹಿತಿ ಮೊದಲು ಯಾವ ಉದ್ದೇಶಕ್ಕೆ ಹುಟ್ಟಿತು ಎಂಬುದೇ ಗೆರೆ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಹುಟ್ಟಿದ್ದು ಪ್ರಾಥಮಿಕ. ಚಿಕಿತ್ಸೆಗೆ, ಆಡಳಿತಕ್ಕೆ, ಇನ್ನೊಬ್ಬರ ಸಂಶೋಧನೆಗೆ ಹುಟ್ಟಿ ಆಮೇಲೆ ನಿಮ್ಮ ಕೈಗೆ ಬಂದದ್ದು ದ್ವಿತೀಯಕ.

ಈ ಗೆರೆ ಹೆಸರಿಗಷ್ಟೇ ಅಲ್ಲ. ದ್ವಿತೀಯಕ ದತ್ತಾಂಶದಲ್ಲಿ ಬರುವ ತಪ್ಪುಗಳು ಹೆಚ್ಚಾಗಿ ಅದರ ಮೂಲ ಉದ್ದೇಶದಿಂದ ಬರುತ್ತವೆ, ಪ್ರಾಥಮಿಕದ ತಪ್ಪುಗಳು ಹೆಚ್ಚಾಗಿ ನಿಮ್ಮಿಂದ ಬರುತ್ತವೆ. ಎರಡನ್ನೂ ಹೇಗೆ ಹಿಡಿಯಬೇಕು ಎಂದು ತೋರಿಸಲು ಒಂದೇ ಅಧ್ಯಯನವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟೋಣ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡಗಳು ಕುಸಿದು ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಯಂಥ ಕಡೆ ಪುನರ್ವಸತಿ ಮನೆಗಳು ಬಂದವು. ನಮ್ಮ ಪ್ರಶ್ನೆ: ಮಳೆ ಜೋರಾದಾಗ ಅವರ ಆತಂಕ ಏರುತ್ತದೆಯೇ, ಮತ್ತು ಸ್ಥಳಾಂತರವಾಗದೆ ಇಳಿಜಾರಿನಲ್ಲೇ ಉಳಿದವರಿಗಿಂತ ಅದು ಭಿನ್ನವೇ?

ಹಂತ 1: ಪ್ರಶ್ನೆಯನ್ನು ಒಡೆಯಿರಿ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಬೇಕಾದ ಅಂಶ, ಯಾವ ಮಟ್ಟದಲ್ಲಿ (ವ್ಯಕ್ತಿ, ಮನೆ, ಗ್ರಾಮ), ಯಾವ ಅವಧಿಗೆ, ಈಗಾಗಲೇ ಯಾರಾದರೂ ದಾಖಲಿಸಿದ್ದಾರೆಯೇ. ನಮ್ಮ ಅಧ್ಯಯನಕ್ಕೆ ಆತಂಕದ ಅಂಕ ವ್ಯಕ್ತಿ ಮಟ್ಟದಲ್ಲಿ ಬೇಕು, ಸಂದರ್ಶನದ ಹಿಂದಿನ ಎರಡು ವಾರಕ್ಕೆ. ಅದು ಎಲ್ಲೂ ಇಲ್ಲ. ಮಳೆಯ ಪ್ರಮಾಣ ಸ್ಥಳದ ಮಟ್ಟದಲ್ಲಿ, ದಿನದಿನಕ್ಕೆ ಬೇಕು, ಅದು ಇದೆ. ಕುಟುಂಬಗಳ ಪಟ್ಟಿ ಇದೆ, ಆದರೆ ಆಡಳಿತದ ಉದ್ದೇಶಕ್ಕೆ ತಯಾರಾದದ್ದು. 2018ಕ್ಕೆ ಮೊದಲು ಇವರ ಆತಂಕ ಎಷ್ಟಿತ್ತು ಎಂಬುದು ಇಲ್ಲ, ಇನ್ನು ಸಿಗುವುದೂ ಇಲ್ಲ. ಈ ಕೊನೆಯ ಸಾಲನ್ನು ಮೊದಲ ದಿನವೇ ಒಪ್ಪಿಕೊಳ್ಳಬೇಕು. ‘ಆಗ ನಿಮಗೆ ನಿದ್ದೆ ಹೇಗಿತ್ತು?’ ಎಂದು ಈಗ ಕೇಳಿ ಪಡೆದ ಉತ್ತರ 2018ಕ್ಕೆ ಹಿಂದಿನ ಅಳತೆಯಲ್ಲ, ಇವತ್ತಿನ ಮನಸ್ಸು ಅಂದಿನ ದಿನವನ್ನು ನೆನೆದ ಬಗೆ.

ಪ್ರಾಥಮಿಕ ದತ್ತಾಂಶ ಸಂಗ್ರಹಿಸಬೇಕಾದದ್ದು ‘ಇಲ್ಲ’ ಎಂದು ಬಂದ ಸಾಲಿಗೆ ಮಾತ್ರ. ಇರುವುದನ್ನೇ ಮತ್ತೆ ಕೇಳುವುದು ಜನರ ಸಮಯದ ದುರುಪಯೋಗ. ಪ್ರಕೃತಿ ವಿಕೋಪದ ನಂತರ ಹತ್ತಾರು ಫಾರಂ ತುಂಬಿಸಿ ಸುಸ್ತಾದವರ ಮನೆಗೆ ಹೋಗುವಾಗ ಇದು ಇನ್ನೂ ಮುಖ್ಯ.

ಹಂತ 2: ಇರುವುದನ್ನು ಹುಡುಕಿ, ಆಮೇಲೆ ಅನುಮಾನಿಸಿ

ಇದಕ್ಕೆ ಕನಿಷ್ಠ ಎರಡು ವಾರ ಇಡಿ. ಪ್ರತಿ ಮೂಲಕ್ಕೂ ಐದು ಪ್ರಶ್ನೆ ಹಾಕಿ: ಯಾರು, ಯಾಕೆ ಸಂಗ್ರಹಿಸಿದರು? ಯಾವ ಭೌಗೋಳಿಕ ಮಟ್ಟಕ್ಕೆ ನಿಲ್ಲುತ್ತದೆ? ಯಾವ ತಿಂಗಳು, ಯಾವ ವರ್ಷ? ಪದದ ವ್ಯಾಖ್ಯೆ ಏನು? ಯಾರು ಬಿಟ್ಟುಹೋಗಿದ್ದಾರೆ?

ಜನಗಣತಿಯಿಂದ ಶುರುಮಾಡಿ. 2011ರ ಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಸಾವಿರ ಪುರುಷರಿಗೆ 1,019 ಮಹಿಳೆಯರು. 2021ರಲ್ಲಿ ಗಣತಿ ನಡೆಯಲಿಲ್ಲವಾದ್ದರಿಂದ ಹಲವರು ಈ ಹಳೆಯ ಅಂಕಿಯನ್ನೇ ‘ಪ್ರಸ್ತುತ’ ಎಂದು ಬರೆಯುತ್ತಾರೆ. ವರ್ಷ ಹಾಕದೆ ಬರೆಯಬೇಡಿ. ಇನ್ನೊಂದು ತೊಡಕು ಕೊಡಗಿಗೇ ವಿಶಿಷ್ಟ. 2011ರ ಕೋಷ್ಟಕದಲ್ಲಿ ಇರುವುದು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಮೂರೇ ತಾಲ್ಲೂಕು. ಕುಶಾಲನಗರ, ಪೊನ್ನಂಪೇಟೆ ಆಮೇಲೆ ಬಂದವು. ಕುಶಾಲನಗರ ತಾಲ್ಲೂಕಿನ 2011ರ ಅಂಕಿ ಬೇಕೆಂದರೆ ಗ್ರಾಮವಾರು ಪಟ್ಟಿಯಿಂದ ಒಂದೊಂದೇ ಗ್ರಾಮ ಆರಿಸಿ ಕೂಡಿಸಬೇಕು. ಹಾಗೆ ಮಾಡದೆ ಸೋಮವಾರಪೇಟೆಯ ಹಳೆಯ ಅಂಕಿಯನ್ನು ಇಂದಿನ ಸೋಮವಾರಪೇಟೆಗೆ ಅಂಟಿಸಿದರೆ ಎರಡು ತಾಲ್ಲೂಕನ್ನು ಒಂದಾಗಿ ಎಣಿಸಿದಂತೆ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ (2015–16) ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್. ಅದಕ್ಕೇ ಕರ್ನಾಟಕವೂ ಅದರಲ್ಲಿ ಸೇರಿದೆ ಎಂದು ಅನೇಕರು ಭಾವಿಸುತ್ತಾರೆ. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇಲ್ಲ. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಸಮೀಕ್ಷೆಯ ವೇಳೆ ಮಾನಸಿಕ ಕಾಯಿಲೆ ಇತ್ತು ಎಂಬ ಅದರ ಅಂಕಿಯನ್ನು ಕೊಡಗಿನ ಜನಸಂಖ್ಯೆಗೆ ಗುಣಿಸಿ ‘ಜಿಲ್ಲೆಯಲ್ಲಿ ಇಷ್ಟು ಸಾವಿರ ರೋಗಿಗಳು’ ಎಂದು ಬರೆಯುವುದು ಸಂಶೋಧನೆಯಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರಲ್ಲಿ ಕೊಡಗಿಗೇ ಪ್ರತ್ಯೇಕ ಜಿಲ್ಲಾ ಹಾಳೆ ಇದೆ. 15 ದಾಟಿದವರ ಮದ್ಯಸೇವನೆಯ ಪ್ರಮಾಣ ಅದರಲ್ಲಿ ಸಿಗುತ್ತದೆ, ಆತಂಕ–ಖಿನ್ನತೆ ಸಿಗುವುದಿಲ್ಲ. ವೃದ್ಧಾಪ್ಯ ಕುರಿತ ಲಾಸಿ ಅಧ್ಯಯನದ ಮೊದಲ ಸುತ್ತಿನಲ್ಲಿ (2017–18) 45 ವರ್ಷ ಮೇಲ್ಪಟ್ಟವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರ ಖಿನ್ನತೆಯ ಲಕ್ಷಣ, ನೆನಪಿನ ಶಕ್ತಿ ಅಳೆದಿದ್ದಾರೆ. ಅರ್ಜಿ ಹಾಕಿದರೆ ವ್ಯಕ್ತಿ ಮಟ್ಟದ ಕಡತವನ್ನೇ ಕೊಡುತ್ತಾರೆ. ಆದರೆ ಅದರ ಮಾದರಿ ರಾಜ್ಯ ಮಟ್ಟಕ್ಕೆ ಲೆಕ್ಕ ಹಾಕಿದ್ದು. ಜಿಲ್ಲೆಗೆ ಇಳಿಸಿದರೆ ಕೈಯಲ್ಲಿ ಉಳಿಯುವವರು ಬೆರಳೆಣಿಕೆ. ಆತ್ಮಹತ್ಯೆ ಕುರಿತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರದಿಯಲ್ಲಿ ‘ಕಾರಣ’ ಎಂಬ ಕಾಲಂ ತುಂಬುವುದು ಪೊಲೀಸ್ ತನಿಖೆಯ ಆಧಾರದ ಮೇಲೆ. ‘ಕೌಟುಂಬಿಕ ಸಮಸ್ಯೆ’ ಎಂದು ಬರೆದಿದ್ದರೆ ಅದನ್ನು ಮನೋವೈಜ್ಞಾನಿಕ ಕಾರಣವೆಂದು ಓದುವಂತಿಲ್ಲ.

ಆಸ್ಪತ್ರೆ ದಾಖಲೆ ಕೊಡಗಿನಲ್ಲಿ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಜುಲೈನಲ್ಲಿ ಮನೋವೈದ್ಯ ವಿಭಾಗಕ್ಕೆ ಬಂದವರ ಸಂಖ್ಯೆ ಇಳಿದಿದ್ದರೆ ಆತಂಕ ಇಳಿಯಿತೆಂದು ಅರ್ಥವೇ? ಮರ ಬಿದ್ದು ರಸ್ತೆ ಬಂದ್ ಆಗಿರಬಹುದು, ಬಸ್ ಬಂದಿರಲಿಕ್ಕಿಲ್ಲ. ಮೈಸೂರು, ಮಂಗಳೂರಿಗೆ ಹೋದವರು ಈ ರಿಜಿಸ್ಟರಿನಲ್ಲಿ ಇರುವುದೇ ಇಲ್ಲ. ರಿಜಿಸ್ಟರ್ ಎಣಿಸುವುದು ಬಾಗಿಲು ದಾಟಿ ಒಳಬಂದವರನ್ನು, ಕಾಯಿಲೆಯನ್ನಲ್ಲ. ಬಳಸುವುದೇ ಆದರೆ ರೋಗ ಸಂಕೇತವನ್ನು (ಎಫ್32 ಖಿನ್ನತೆ, ಎಫ್41 ಆತಂಕ, ಎಫ್43.1 ಆಘಾತೋತ್ತರ ಒತ್ತಡ, ಎಫ್10 ಮದ್ಯ) ಬರೆದುಕೊಳ್ಳಿ, ಹೆಸರು, ವಿಳಾಸ ಬೇಡ. ಅದಕ್ಕೂ ಸಂಸ್ಥೆಯ ಲಿಖಿತ ಅನುಮತಿ ಮೊದಲು ಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂ ರೋಗಿಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ.

ಮಳೆಯ ಅಂಕಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಅದರ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಪ್ರಕಟವಾಗದ ಅಂಕಿ ಬೇಕಾದರೆ ಮೊದಲು ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಕೇಳಿ. ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ಮಾಪಕ ಯಾವುದು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಕಾಲಂ ಎಂದು ನಮೂದಿಸಿ.

ಹಂತ 3: ಅನುಮತಿ ಮತ್ತು ಒಪ್ಪಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯನ್ನು ಮುಂದಿಟ್ಟುಕೊಂಡು ಎಥಿಕ್ಸ್ ಕಮಿಟಿಗೆ ಅರ್ಜಿ ಸಿದ್ಧಪಡಿಸಿ. ನಿಮ್ಮ ಕಾಲೇಜಿನಲ್ಲಿ ಕಮಿಟಿ ಇಲ್ಲದಿದ್ದರೆ ಬೇರೆ ಸಂಸ್ಥೆಯ ಕಮಿಟಿಯೊಂದಿಗೆ ಒಡಂಬಡಿಕೆ ಮಾಡಿಕೊಳ್ಳಬಹುದು. ಎರಡು ತಿಂಗಳು ಹಿಡಿಯುತ್ತದೆಂದೇ ಲೆಕ್ಕ ಹಾಕಿ.

ಒಪ್ಪಿಗೆ ಪತ್ರದಲ್ಲಿ ಒಂದು ವಾಕ್ಯ ಇರಲೇಬೇಕು, ಮತ್ತು ಅದನ್ನು ಬಾಯಲ್ಲೂ ಹೇಳಬೇಕು: ‘ಇದರಿಂದ ಪರಿಹಾರದ ಹಣ ಬರುವುದಿಲ್ಲ, ಮನೆಯ ಹಕ್ಕುಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ನಾವು ಸರ್ಕಾರದ ಕಡೆಯವರಲ್ಲ.’ ಇದನ್ನು ಬಿಟ್ಟರೆ ಕಷ್ಟ ಹೆಚ್ಚು ಹೇಳಿದವರಿಗೆ ಏನಾದರೂ ಸಿಗಬಹುದೆಂಬ ನಿರೀಕ್ಷೆ ಹುಟ್ಟಿ ಅಂಕಗಳೆಲ್ಲ ಮೇಲಕ್ಕೇರುತ್ತವೆ. ಅದು ಅವರ ಸುಳ್ಳಲ್ಲ. ನಾವು ಹೇಳದೆ ಬಿಟ್ಟದ್ದರ ಫಲ. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟಿನ ಪಕ್ಕ ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯ ಸಹಿ ಹಾಕಿಸಿ.

ಹಂತ 4: ಅಳತೆಗೋಲು ಆರಿಸಿ, ಮಾತನ್ನು ಪರೀಕ್ಷಿಸಿ

ಆತಂಕಕ್ಕೆ ಜಿಎಡಿ-7 ಸಾಕು. ಏಳು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 21. 5, 10, 15 ಎಂಬಲ್ಲಿ ಸೌಮ್ಯ, ಮಧ್ಯಮ, ತೀವ್ರ ಎಂದು ಗೆರೆ. ಬಳಕೆ ಉಚಿತ. ಖಿನ್ನತೆಯನ್ನೂ ನೋಡುವುದಾದರೆ ಪಿಎಚ್‌ಕ್ಯೂ-9 (ಒಟ್ಟು 27), ಅದೂ ಉಚಿತ. ಬೆಕ್ ಖಿನ್ನತಾ ಮಾಪಕ, ಸಾಮಾನ್ಯ ಮಾನಸಿಕ ಆರೋಗ್ಯ ಅಳೆಯುವ ಜಿಎಚ್‌ಕ್ಯೂ-12 ಮುಂತಾದವಕ್ಕೆ ಹಕ್ಕುಸ್ವಾಮ್ಯವಿದೆ. ಯಾರದೋ ಹಳೆಯ ಪ್ರಬಂಧದ ಅನುಬಂಧದಿಂದ ಜೆರಾಕ್ಸ್ ಮಾಡಿ ಬಳಸಬೇಡಿ.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ 0 ಬಿಟ್ಟು ಬೇರೆ ಉತ್ತರ ಬಂದರೆ ಆ ಮನೆಯಿಂದ ಹೊರಡುವ ಮೊದಲೇ ಏನು ಮಾಡಬೇಕೆಂದು ಬರೆದಿಟ್ಟ ಯೋಜನೆ ಬೇಕು: ಯಾರಿಗೆ ಫೋನ್, ಯಾವ ವೈದ್ಯರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಹಾಳೆಗಳನ್ನು ಚೀಲಕ್ಕೆ ಹಾಕಿ ತಿಂಗಳ ನಂತರ ತೆರೆದು ನೋಡುವವರು ಆ ಪ್ರಶ್ನೆ ಕೇಳಲೇಬಾರದು.

ಈಗ ಭಾಷೆ. ಕೊಡಗಿನಲ್ಲಿ ಕನ್ನಡ ಬಹುತೇಕರಿಗೆ ಅರ್ಥವಾಗುತ್ತದೆ, ಆದರೆ ಮನಸ್ಸಿನ ಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತಿನಲ್ಲಿ ನಡೆಯುವ ಮನೆಗಳು ಬಹಳ. ಜಿಎಡಿ-7ರ ಮೊದಲ ಪ್ರಶ್ನೆಯ ಇಂಗ್ಲಿಷ್ ಮೂಲದಲ್ಲಿ ‘ಆನ್ ಎಡ್ಜ್’ ಎಂಬ ಮಾತಿದೆ. ಅದನ್ನು ‘ಅಂಚಿನಲ್ಲಿ ಇರುವ ಭಾವನೆ’ ಎಂದು ಮಾಡಿದರೆ ಇಳಿಜಾರಿನ ಮನೆಯವರು ‘ಹೌದು, ನಮ್ಮ ಮನೆ ಬರೆಯ (ಕಡಿದಾದ ಗುಡ್ಡದ ಬದಿಯ) ಅಂಚಿನಲ್ಲೇ ಇರುವುದು’ ಎಂದು ತಲೆಯಾಡಿಸುತ್ತಾರೆ. ನಿಮ್ಮ ಹಾಳೆಯಲ್ಲಿ 3 ಬೀಳುತ್ತದೆ. ಅಳೆದದ್ದು ಮನಸ್ಸನ್ನಲ್ಲ, ಮನೆ ಇರುವ ಜಾಗವನ್ನು. ‘ಚಡಪಡಿಕೆ, ತಳಮಳ, ಜೀವಕ್ಕೆ ನೆಮ್ಮದಿ ಇಲ್ಲದಂತೆ’ ಎಂದರೆ ಅರ್ಥ ಸೇರುತ್ತದೆ.

ಏಳನೇ ಪ್ರಶ್ನೆ ಇನ್ನೂ ಸೂಕ್ಷ್ಮ. ಏನೋ ಕೆಟ್ಟದ್ದು ಆಗಿಬಿಡಬಹುದೆಂಬ ಭಯ ಇತ್ತೇ ಎಂದು ಅದು ಕೇಳುತ್ತದೆ. ಒಮ್ಮೆ ಗುಡ್ಡ ಕುಸಿದದ್ದನ್ನು ಕಂಡವರಿಗೆ ಜುಲೈ ರಾತ್ರಿಯ ಆ ಭಯ ರೋಗಲಕ್ಷಣವಲ್ಲ, ವಿವೇಕವೂ ಇರಬಹುದು. ಪ್ರಶ್ನೆಯನ್ನು ಬದಲಿಸಬೇಡಿ, ಬದಲಿಸಿದರೆ ಬೇರೆ ಅಧ್ಯಯನಗಳೊಂದಿಗೆ ಹೋಲಿಸಲಾಗದು. ಅದರ ಬದಲು ಏಳೂ ಮುಗಿದ ಮೇಲೆ ‘ಯಾವುದರ ಭಯ?’ ಎಂಬ ತೆರೆದ ಪ್ರಶ್ನೆ ಸೇರಿಸಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ವಿಶ್ಲೇಷಣೆಯಲ್ಲಿ ಏಳನೇ ಪ್ರಶ್ನೆ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ನೋಡಿ. ಎರಡೂ ಫಲಿತಾಂಶ ವರದಿಯಲ್ಲಿ ಇರಲಿ.

ಅನುವಾದದ ಕ್ರಮ ಹೀಗೆ: ಇಬ್ಬರು ಬೇರೆಬೇರೆಯಾಗಿ ಅನುವಾದಿಸಲಿ, ಕೂತು ಒಂದು ಮಾಡಲಿ, ಮೂಲ ನೋಡದ ಮೂರನೆಯವರು ಮರಳಿ ಇಂಗ್ಲಿಷಿಗೆ ತರಲಿ, ಆಮೇಲೆ ಎಂಟು ಹತ್ತು ಜನರಿಗೆ ಓದಿ, ‘ಇದನ್ನು ಕೇಳಿದಾಗ ನಿಮಗೇನು ಹೊಳೆಯಿತು?’ ಎಂದು ಕೇಳಿ. ಸ್ಥಳದಲ್ಲೇ ಬಾಯಿಗೆ ಬಂದಂತೆ ಅನುವಾದಿಸುವುದು ನಿಷಿದ್ಧ. ಯಾವ ಭಾಷೆಯಲ್ಲಿ ಕೇಳಿದಿರಿ ಎಂಬುದಕ್ಕೆ ಪ್ರತ್ಯೇಕ ಕಾಲಂ ಇರಲಿ. ಕೊನೆಗೆ 30 ಜನರ ಮೇಲೆ ಪೂರ್ವಪರೀಕ್ಷೆ ಮಾಡಿ, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರೋನ್‌ಬ್ಯಾಕ್ ಆಲ್ಫಾ ನೋಡಿ, 0.70ಕ್ಕಿಂತ ಕೆಳಗಿದ್ದರೆ ಯಾವ ಪ್ರಶ್ನೆ ಉಳಿದವುಗಳ ಜತೆ ಹೊಂದುತ್ತಿಲ್ಲವೆಂದು ಹುಡುಕಿ. ಹೆಚ್ಚಿನ ಪಾಲು ಅದು ಅನುವಾದದ ತಪ್ಪೇ. ಈ 30 ಜನರನ್ನು ಮುಖ್ಯ ಅಧ್ಯಯನಕ್ಕೆ ಸೇರಿಸಬೇಡಿ.

ಹಂತ 5: ಎಷ್ಟು ಜನ, ಯಾರು

‘384’ ಎಂಬ ಸಂಖ್ಯೆಯನ್ನು ಎಲ್ಲ ಪ್ರಬಂಧದಲ್ಲೂ ನೋಡುತ್ತೀರಿ. ಅದು ಶೇಕಡಾ ಪ್ರಮಾಣ ಅಂದಾಜಿಸುವ ಸರಳ ಯಾದೃಚ್ಛಿಕ ಸಮೀಕ್ಷೆಗೆ, 5 ಅಂಶದ ದೋಷಮಿತಿ ಇಟ್ಟಾಗ ಬರುವ ಲೆಕ್ಕ. ನಮ್ಮದು ಎರಡು ಗುಂಪಿನ ಹೋಲಿಕೆ. ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ವ್ಯತ್ಯಾಸವನ್ನು (0.4 ಪ್ರಮಾಣ ವಿಚಲನೆ) ಶೇ. 80 ಶಕ್ತಿಯೊಂದಿಗೆ (ಅಂದರೆ ವ್ಯತ್ಯಾಸ ನಿಜಕ್ಕೂ ಇದ್ದರೆ ನೂರರಲ್ಲಿ 80 ಸಲ ಸಿಗುವಂತೆ) ಹಿಡಿಯಲು ಗುಂಪಿಗೆ ಸುಮಾರು 98 ಜನ ಬೇಕು. ಒಂದೇ ಸಾಲಿನ ಮನೆಯವರ ಉತ್ತರ ಒಂದಕ್ಕೊಂದು ಹೋಲುವುದರಿಂದ, ಪ್ರತಿ ತಾಣದಲ್ಲಿ 10 ಜನ, ಒಳಸಾಮ್ಯ (ಒಂದೇ ತಾಣದವರ ಉತ್ತರಗಳ ಹೋಲಿಕೆಯ ಅಳತೆ) 0.05 ಎಂದುಕೊಂಡರೆ 1.45ರಿಂದ ಗುಣಿಸಿ: 142. ಶೇ. 10 ಜನ ಸಿಗದಿದ್ದರೆ? 142ನ್ನು 0.9ರಿಂದ ಭಾಗಿಸಿ: 158. ಹಾಗಾಗಿ ಗುಂಪಿಗೆ 160.

ಪಟ್ಟಿಯಿಂದ ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿ. ಮನೆಯೊಳಗೆ 18 ದಾಟಿದವರಲ್ಲಿ ಇತ್ತೀಚೆಗೆ ಹುಟ್ಟುಹಬ್ಬ ಬಂದವರನ್ನು ಕೇಳಿ. ಬಾಗಿಲು ತೆರೆದವರನ್ನೇ ಕೇಳಿದರೆ ಹಗಲು ಮನೆಯಲ್ಲಿರುವವರೇ ತುಂಬಿಕೊಳ್ಳುತ್ತಾರೆ. ಮನೆ ಪಡೆದು ಬಾಡಿಗೆಗೆ ಕೊಟ್ಟವರು, ಮೈಸೂರು ಬೆಂಗಳೂರಿಗೆ ಹೋದವರು ಪಟ್ಟಿಯಲ್ಲಿದ್ದರೂ ಸಿಗುವುದಿಲ್ಲ. ಅವರ ಸಂಖ್ಯೆ ಬರೆದಿಡಿ. ಅತಿ ಹೆಚ್ಚು ನೊಂದವರೇ ಊರು ಬಿಟ್ಟಿರಬಹುದು.

ಹಂತ 6: ಕ್ಷೇತ್ರ ಕಾರ್ಯ

ಅದೇ ಜನರನ್ನು ಎರಡು ಬಾರಿ ಕಾಣಿ: ಮಾರ್ಚ್‌ನಲ್ಲಿ ಮತ್ತು ಜುಲೈ–ಆಗಸ್ಟ್‌ನಲ್ಲಿ. ಹೀಗಾದರೆ ಒಬ್ಬರ ಬೇಸಿಗೆಯ ಅಂಕವೇ ಅವರ ಮಳೆಗಾಲದ ಅಂಕಕ್ಕೆ ಅಳತೆ. 2018ರ ಹಿಂದಿನ ಅಂಕಿ ಇಲ್ಲದ ಕೊರತೆ ತಕ್ಕಮಟ್ಟಿಗೆ ತುಂಬುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್‌ನಲ್ಲಿ ಬೀಳುವ, ಕಾಫಿ ಹೂ ಅರಳಿಸುವ ಹೂಮಳೆಯನ್ನು ಜನ ಕಾದು ಕರೆಯುವಂಥದ್ದು. ಅದರ ಮಿಲಿಮೀಟರನ್ನೂ ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆಯ ಮಿಲಿಮೀಟರನ್ನೂ ಮನಸ್ಸಿನ ಮಟ್ಟಿಗೆ ಒಂದೇ ತೂಕದಲ್ಲಿ ಇಡಬೇಡಿ. ಆಗಸ್ಟ್ ಮಧ್ಯದ ಒಂದು ವಾರ ಬಿಡಿ. 2018ರ ದುರಂತದ ದಿನಗಳು ಅವು. ಟಿವಿಯಲ್ಲಿ ಹಳೆಯ ದೃಶ್ಯ ಬಂದರೆ ಅಂಕ ಏರುವುದು ಮಳೆಯಿಂದಲ್ಲ, ನೆನಪಿನಿಂದ.

ಗೂಗಲ್ ಫಾರಂ ನಂಬಿಕೊಂಡು ಹೋಗಬೇಡಿ, ಮಳೆಗಾಲದಲ್ಲಿ ನೆಟ್‌ವರ್ಕೂ ಕರೆಂಟೂ ಒಟ್ಟಿಗೆ ಹೋಗುತ್ತವೆ. ಕೋಬೊ ಟೂಲ್‌ಬಾಕ್ಸ್ ಎಂಬ ಸಮೀಕ್ಷಾ ತಂತ್ರಾಂಶ ನೆಟ್ ಇಲ್ಲದೆಯೂ ದಾಖಲಿಸಿಕೊಳ್ಳುತ್ತದೆ, ಉಚಿತ. ಪವರ್ ಬ್ಯಾಂಕ್, ಪ್ಲಾಸ್ಟಿಕ್ ಕವರಿನಲ್ಲಿ 20 ಕಾಗದದ ಪ್ರತಿ ಜತೆಗಿರಲಿ. ಒಬ್ಬರಿಗೆ 25ರಿಂದ 30 ನಿಮಿಷ, ದಿನಕ್ಕೆ ಐದಾರು ಮನೆಗಿಂತ ಹೆಚ್ಚು ಬೇಡ.

ಇಳಿಜಾರಿನಲ್ಲಿ ಉಳಿದವರ ಗುಂಪಿನಲ್ಲಿ ತೋಟದ ಲೈನ್‌ಮನೆಗಳೂ (ಕಾರ್ಮಿಕರ ಸಾಲುಮನೆ) ಬರುತ್ತವೆ. ಅಲ್ಲಿಗೆ ಮಾಲೀಕರ ಅನುಮತಿ ಬೇಕು, ಆದರೆ ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರೆ ಸಂದರ್ಶನ ನಿಲ್ಲಿಸಿ. ‘ಅಣ್ಣ, ಇದು ಒಬ್ಬೊಬ್ಬರನ್ನೇ ಕೇಳಬೇಕಾದ್ದು’ ಎಂದು ವಿನಯದಿಂದ ಹೇಳಿದರೆ ಸಾಮಾನ್ಯವಾಗಿ ಸರಿಯುತ್ತಾರೆ. ಸರಿಯದಿದ್ದರೆ ಮರುದಿನ ಸಂಜೆ ಕೆಲಸ ಬಿಟ್ಟ ಮೇಲೆ ಹೋಗಿ.

ಅಂಕದಾಚೆಯ ವಿಷಯಕ್ಕೆ 12ರಿಂದ 15 ಜನರ ಆಳವಾದ ಸಂದರ್ಶನ ಸೇರಿಸಿ. ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕಿಳಿಸಲು ಐದಾರು ಗಂಟೆ ಬೇಕು, ಇದನ್ನು ವೇಳಾಪಟ್ಟಿಯಲ್ಲಿ ಬರೆಯದವರೇ ಕೊನೆಗೆ ಅರ್ಧ ಬಿಟ್ಟುಬಿಡುವುದು.

ಹಂತ 7: ನಮೂದು, ಶುದ್ಧೀಕರಣ

ದಿನಾಂಕವನ್ನು 2025-07-05 ಮಾದರಿಯಲ್ಲೇ ಬರೆಯಿರಿ. 05/07 ಎಂದಿದ್ದರೆ ಕಂಪ್ಯೂಟರ್ ಅದನ್ನು ಮೇ 7 ಎಂದು ಓದಬಹುದು. ಮಳೆಗಾಲದ ಸಂದರ್ಶನ ಬೇಸಿಗೆಗೆ ಹಾರುತ್ತದೆ. ಉತ್ತರಿಸದ ಪ್ರಶ್ನೆಗೆ 0 ಹಾಕಬೇಡಿ, ‘ಇಲ್ಲವೇ ಇಲ್ಲ’ ಎಂಬ ಉತ್ತರವೂ 0. ಉತ್ತರವಿಲ್ಲ ಎಂಬುದರ ಗುರುತಾಗಿ 99 ಹಾಕಿದರೆ ಮೊತ್ತ ಮಾಡುವ ಮೊದಲು ಅದನ್ನು ಖಾಲಿ ಮಾಡಿ. ಜಿಎಡಿ-7ರ ಮೊತ್ತ 21 ದಾಟಿದ ಸಾಲು ಕಂಡರೆ ಇದೇ ಕಾರಣ. ವಿಶ್ಲೇಷಣೆಗೆ ಜಮೋವಿ, ಜಾಸ್ಪ್ ಎಂಬ ತಂತ್ರಾಂಶಗಳಿವೆ, ಎರಡೂ ಉಚಿತ.

ಹೆಸರಿನ ಬದಲು ‘ಜ-017’ರಂಥ ಸಂಕೇತ, ಸಂಕೇತಕ್ಕೂ ಹೆಸರಿಗೂ ಸಂಬಂಧ ಕಲ್ಪಿಸುವ ಪಟ್ಟಿ ಬೇರೆ ಕಡತದಲ್ಲಿ, ಪಾಸ್‌ವರ್ಡ್ ಹಾಕಿ. ಕೊಡವ, ಅರೆಭಾಷೆ ಕುಟುಂಬಗಳಲ್ಲಿ ಮನೆಹೆಸರೊಂದೇ ಸಾಕು, ಯಾವ ಊರಿನ ಯಾವ ಮನೆ ಎಂದು ಗೊತ್ತಾಗಲು. ಗ್ರಾಮ, ವಯಸ್ಸು, ವೃತ್ತಿ ಮೂರೂ ಸೇರಿದರೂ ಹಾಗೇ. ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಯಾವ ಚೌಕವನ್ನೂ ಪ್ರಕಟಿಸಬೇಡಿ.

ಹಂತ 8: ಎರಡನ್ನೂ ಜೋಡಿಸುವುದು

ಪ್ರಾಥಮಿಕವೂ ದ್ವಿತೀಯಕವೂ ಕೂಡುವ ಜಾಗ ಇದು, ತಪ್ಪು ಹೆಚ್ಚಾಗುವುದೂ ಇಲ್ಲೇ. ಜಿಎಡಿ-7 ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. ಹಾಗಾಗಿ ಪ್ರತಿ ಸಂದರ್ಶನಕ್ಕೂ ಅದರ ಹಿಂದಿನ 14 ದಿನದ ಮಳೆ ಕೂಡಿಸಬೇಕು, ತಿಂಗಳ ಸರಾಸರಿ ಅಲ್ಲ. ನಮ್ಮಲ್ಲಿ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಜುಲೈ 5ರ ಬೆಳಿಗ್ಗೆಯ ವರದಿಯಲ್ಲಿ ಇರುವುದು ಬಹುಪಾಲು 4ನೇ ತಾರೀಖಿನ ಮಳೆ. ಜುಲೈ 5ರಂದು ಸಂದರ್ಶನ ಮಾಡಿದ್ದರೆ ಜೂನ್ 22ರಿಂದ ಜುಲೈ 5ರವರೆಗಿನ 14 ವರದಿಗಳನ್ನು ಕೂಡಿಸಿ. ಅದು ಜೂನ್ 21ರ ಬೆಳಿಗ್ಗೆ 8.30ರಿಂದ ಜುಲೈ 5ರ 8.30ರವರೆಗಿನ ಮಳೆ. ನಿಮಗೆ ಸಿಕ್ಕ ಕಡತದಲ್ಲಿ ದಿನಾಂಕ ಅವಧಿಯ ಆರಂಭದ್ದೋ ಕೊನೆಯದ್ದೋ ಎಂದು ಕೇಂದ್ರದವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಬಡಾವಣೆಗೆ ಅತಿ ಹತ್ತಿರದ ಮಾಪಕ ಆರಿಸುವಾಗ ನಡುವೆ ಬೆಟ್ಟದ ಸಾಲಿದೆಯೇ ನೋಡಿ. ಕೆಲವೇ ಕಿಲೋಮೀಟರ್ ಪೂರ್ವಕ್ಕೆ ಸರಿದರೆ ಮಳೆ ಗಣನೀಯವಾಗಿ ಇಳಿಯುವ ಜಿಲ್ಲೆ ಇದು; ನೇರ ದೂರ ಸಾಲದು.

ಇನ್ನೊಂದು ಮಾತು, ಗೈಡ್‌ಗಳೂ ಮರೆಯುವಂಥದ್ದು. ಒಂದೇ ಬಡಾವಣೆಯಲ್ಲಿ ಎಂಟು ದಿನದಲ್ಲಿ 80 ಜನರನ್ನು ಕಂಡಿದ್ದರೆ ನಿಮ್ಮ ಬಳಿ ಮಳೆಯ ಅಂಕಿ 80 ಇಲ್ಲ, ಎಂಟೇ ಇದೆ. ಅದನ್ನು 80 ಎಂದು ಲೆಕ್ಕಾಚಾರಕ್ಕೆ ಹಾಕಿದರೆ ಇಲ್ಲದ ಸಂಬಂಧವೂ ಇದ್ದಂತೆ ಕಾಣುತ್ತದೆ. ಸಂದರ್ಶನಗಳನ್ನು ಆರೇಳು ವಾರಕ್ಕೆ ಹರಡಿ. ಯಾವ ಅಂಕ ಯಾವ ವ್ಯಕ್ತಿಯದು, ಯಾವ ತಾಣದ್ದು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬಹುಹಂತದ ಸಂಖ್ಯಾಶಾಸ್ತ್ರೀಯ ಮಾದರಿ (ಮಲ್ಟಿಲೆವೆಲ್ ಮಾಡೆಲ್) ಬಳಸಿ.

ಹಂತ 9: ಬರೆಯುವುದು, ಮರಳಿಸುವುದು

ವಿಧಾನದ ಅಧ್ಯಾಯದಲ್ಲಿ ಪ್ರತಿ ಅಂಶದ ಮುಂದೆ ಪ್ರಾಥಮಿಕವೋ ದ್ವಿತೀಯಕವೋ ನಮೂದಿಸಿ. ದ್ವಿತೀಯಕವಾದರೆ ಮೂಲ ಉದ್ದೇಶ, ವರ್ಷ, ಭೌಗೋಳಿಕ ಮಟ್ಟ, ಕಡತ ಪಡೆದ ದಿನಾಂಕ ಬರೆಯಿರಿ. ಇಂಥ ಕಡತಗಳನ್ನು ಆಮೇಲೆ ತಿದ್ದುವುದುಂಟು. ಪತ್ರಿಕೆಯಲ್ಲಿ ಕಂಡ ಅಂಕಿಯನ್ನು ಅದರ ಮೂಲ ವರದಿ ತೆರೆದು ನೋಡದೆ ಬಳಸಬೇಡಿ. ಮಳೆ ಮತ್ತು ಆತಂಕ ಒಟ್ಟಿಗೆ ಏರಿದ್ದು ಕಂಡರೂ ‘ಮಳೆಯೇ ಕಾರಣ’ ಎಂದು ಬರೆಯುವ ಮೊದಲು, ಮಳೆ ಜೋರಾದ ದಿನ ಕೂಲಿಯೂ ಇರುವುದಿಲ್ಲ ಎಂಬುದನ್ನು ನೆನಪಿಡಿ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು ಎಂಬ ಪ್ರಶ್ನೆ ಅದಕ್ಕಾಗಿಯೇ ಪ್ರಶ್ನಾವಳಿಯಲ್ಲಿ ಇರಬೇಕು.

ಮುಗಿದ ಮೇಲೆ ಬಡಾವಣೆಯಲ್ಲೇ ಒಂದು ಸಂಜೆ ಸೇರಿಸಿ, ಎರಡು ಪುಟದ ಕನ್ನಡ ಸಾರಾಂಶ ಓದಿ ಹೇಳಿ. ಯಾರ ಅಂಕವನ್ನೂ ಬಿಡಿಯಾಗಿ ಹೇಳಬೇಡಿ. ಹೆಸರು–ಸಂಕೇತದ ಪಟ್ಟಿಯನ್ನು ಎಥಿಕ್ಸ್ ಕಮಿಟಿಗೆ ಬರೆದುಕೊಟ್ಟ ದಿನಾಂಕದಂದು ಅಳಿಸಿ, ಅಳಿಸಿದ್ದನ್ನು ಪತ್ರದ ಮೂಲಕ ಅವರಿಗೆ ತಿಳಿಸಿ.